ಉಂಡ ಮೇಲೆ ಎರಡು ಗಂಟೆ

ಸೌಟಿನ ಬೆನ್ನ ಮೇಲೆ ನೆಣ ಆಗಲೇ ಬೆಳ್ಳಗೆ ಕಟ್ಟಿಕೊಳ್ಳುತ್ತಿದೆ, ತಪ್ಪಲೆ ಒಲೆಯಿಂದಿಳಿಸಿ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಆಗಿಲ್ಲ, ಈ ಥಂಡಿಗೆ ಅದಕ್ಕೆಷ್ಟು ಅವಸರ ನೋಡು, ಗಂಗಾಮಣಿ ಬೆರಳಿಂದ ಉಜ್ಜಿದಳು, ಉಜ್ಜಿದರೆ ಜಾರುತ್ತದೆ, ಬಿಟ್ಟರೆ ಮತ್ತೆ ಮಂಕಾಗಿ ಕೂರುತ್ತದೆ, ಕೊಬ್ಬರಿ ಎಣ್ಣೆ ಇಷ್ಟು ಹಟಮಾರಿಯಲ್ಲ, ಶೀಶೆಯೊಳಗೆ ಕಲ್ಲಾಗಿದ್ದರೂ ಅಂಗೈಯಲ್ಲಿ ಹಿಡಿದರೆ ನೀರು, ತುಪ್ಪ ಹರಳು ಹರಳಾಗಿ ನಿಲ್ಲುತ್ತದೆ, ಪಾಮಾಯಿಲ್ ಪಾಕೀಟು ಬೆಳಿಗ್ಗೆ ಮಬ್ಬಾಗಿದ್ದು ಬಿಸಿಲೇರಿದರೆ ತಿಳಿಯಾಗುತ್ತದೆ, ಹಂದಿಯ ನೆಣ ಮಾತ್ರ ಕೂತ ಜಾಗ ಬಿಡುವುದಿಲ್ಲ — ಗಂಡನ ಮೈಯೊಳಗೂ ಹೀಗೇ ಕೂತಿದೆಯಾ, ಥೂ, ಬಿಡ್ತು ಅನ್ನು, ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಎಂಥ ಯೋಚನೆ, ಬಿಡ್ತು ಅಂದಳು, ಬಾಯಿ ಬಿಟ್ಟೇ ಅಂದಳು, ನಡುಮನೆಯಿಂದ ಅತ್ತೆ ಈರಮ್ಮ ಏನೇ ಅದು ಗಂಗಾ ಅಂದರು, ಏನಿಲ್ಲ ಅತ್ತೆ, ಉಪ್ಪು ನೋಡ್ತಿದ್ದೆ. ಎಡೆಗೆ ಮುಂಚೆ ಉಪ್ಪು ನೋಡ್ತಾರೇನೇ, ಎಂಜಲಾಗಲ್ವಾ! ನಾಲಿಗೆ ಮೇಲಿಟ್ಟಿಲ್ಲ ಅತ್ತೆ, ಮೂಸಿ ನೋಡ್ದೆ ಅಷ್ಟೇ. ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ, ನಿಜ ಮಾತ್ರ ಹೊರಗೆ ಬರುತ್ತಿಲ್ಲ, ಫೋನು ಬಂದಾಗಿನಿಂದ ಬರುತ್ತಿಲ್ಲ. ಗಂಡ ದೇವೇಂದ್ರ ತನ್ನ ಫೋನನ್ನು ಮಿಕ್ಸಿಯ ಪ್ಲಗ್ಗಿಗೆ ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋಗಿರದಿದ್ದರೆ ಅದು ಅವನ ಕಿವಿಗೇ ಬೀಳುತ್ತಿತ್ತು, ಇವಳು ಬಚಾವಾಗುತ್ತಿದ್ದಳು, ಬಿದ್ದದ್ದು ಇವಳ ಕಿವಿಗೆ, ಸಕಲೇಶಪುರದ ಡಾಕ್ಟ್ರಮ್ಮ, ಮನೆಯವ್ರಾ ಮಾತಾಡೋದು, ಒಳ್ಳೇದಾಯ್ತು, ಅಡುಗೆ ಮಾಡೋರು ನೀವೇ ತಾನೆ, ಗಮನ ಇಟ್ಟು ಕೇಳಿ, ಅವರ ರಕ್ತದಲ್ಲಿ ಕೊಬ್ಬು ಎಷ್ಟಿದೆ ಅಂದ್ರೆ ಮೆಷಿನ್ನಿಗೇ ಅಳೆಯಕ್ಕಾಗ್ತಿಲ್ಲ, ಇವತ್ತಿಂದ ಎಣ್ಣೆ, ತುಪ್ಪ, ಮಾಂಸ, ಕುಡಿಯೋದು ಎಲ್ಲ ಬಂದ್, ಒಂದು ತೊಟ್ಟೂ ಬೇಡ, ಇನ್ನೊಂದು ಜಿಡ್ಡಿನ ಊಟ ಬಿದ್ರೆ ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಉರಿದು, ನೋವು ಬೆನ್ನಿಗೆ ಹೊಡೆದು ಪ್ರಾಣಕ್ಕೇ ಬರಬಹುದು, ನಾಳೆ ಬೆಳಿಗ್ಗೆನೇ ಕರ್ಕೊಂಡು ಬನ್ನಿ. ಇವಳು ಹೂಂ ಮೇಡಂ, ಹೂಂ ಮೇಡಂ ಅನ್ನುತ್ತಾ ಇನ್ನೊಂದು ಕೈಯಲ್ಲಿ ಬಾಡು ತಿರುವುತ್ತಿದ್ದಳು.

ಕೆಳಗೆ ಕೆಂಪು, ಮೇಲೆ ಬಿಳುಪು. ನಿನ್ನೆ ಲ್ಯಾಬಿನಲ್ಲಿ ಕಂಡದ್ದು ಆಗಿನಿಂದ ಕಣ್ಣು ಬಿಟ್ಟು ಹೋಗಿಲ್ಲ, ಮುಚ್ಚಿದರೂ ಅದೇ ತೆರೆದರೂ ಅದೇ. ಹೋದದ್ದು ಆ ಹಾಳು ಗುಳ್ಳೆಗೆ, ದೇವೇಂದ್ರನ ಮೊಣಕೈ ಮೇಲೆ ಸಾಸಿವೆ ಕಾಳಿನಂಥ ಹಳದಿ ಗುಳ್ಳೆಗಳು, ತೋಟದಲ್ಲಿ ಏನೋ ಹುಳ ಹರಿದಿರಬೇಕು ಅಂದಳು, ಉಷ್ಣ ಕಣೆ ಅಂದರು ಅತ್ತೆ, ಕೊಬ್ಬರಿ ಎಣ್ಣೆ ಹಚ್ಚಿದಳು, ಹಚ್ಚಿದಷ್ಟೂ ಬೆಳೆದವು, ಡಾಕ್ಟ್ರಮ್ಮ ನೋಡಿದವರೇ ರಕ್ತ ಪರೀಕ್ಷೆಗೆ ಬರೆದರು, ಖಾಲಿ ಹೊಟ್ಟೆಲಿ ಕೊಡಿ ಅಂದರು. ಖಾಲಿ ಹೊಟ್ಟೆಯೇ, ಕಾಫಿ ಕೂಡ ಕುಡಿದಿರಲಿಲ್ಲ, ಕಾಫಿ ಬೆಳೆಯೋನು ಬೆಳಿಗ್ಗೆ ಕಾಫಿ ಬಿಡೋದು ಅಂದ್ರೇನು ಅಂತ ಯಸಳೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗುತ್ತಿದ್ದ. ಸೂಜಿ ಚುಚ್ಚಿಸಿಕೊಂಡು ಹೋಟೆಲಿಗೆ ಓಡಿದ, ಬಾರೇ ಎರಡಿಡ್ಲಿ ತಿನ್ನಾನ ಅಂತ, ಇವಳು ಬ್ಯಾಗು ಮರೆತು ವಾಪಸು ಬಂದಳು, ಬರಬಾರದಿತ್ತು, ಬಂದಳು, ಲ್ಯಾಬಿನ ಮೋಹಿತ್ ಕೊಳವೆಯನ್ನು ಬೆಳಕಿಗೆ ಹಿಡಿದುಕೊಂಡು ನಿಂತಿದ್ದ, ಅಕ್ಕ, ನಿಮ್ಮ ಯಜಮಾನ್ರು ಊಟ ಮಾಡ್ಕಂಡು ಬಂದವ್ರಾ, ಇಲ್ಲಪ್ಪ, ನೀರು ಬುಟ್ರೆ ಏನೂ ಇಲ್ಲ, ನಿಜಾನಾ ಅಕ್ಕ, ನನ್ನಾಣೆಗೂ ನಿಜ, ಅವನು ಕೊಳವೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ. ರಕ್ತ ಕೆಳಗೆ ಕುಳಿತಿತ್ತು. ಮೇಲೆ ನೀರಿನ ಹಾಗೆ ತಿಳಿಯಾಗಿ ನಿಲ್ಲಬೇಕಾದದ್ದು ಹಾಲಿನ ಹಾಗೆ ನಿಂತಿತ್ತು, ಪಕ್ಕದಲ್ಲಿ ಬೇರೆಯವರದು ನಾಲ್ಕಾರು ಕೊಳವೆ, ಅವೆಲ್ಲ ಕೆಂಪು ಮೇಲೆ ತಿಳಿಹಳದಿ, ಇವನದೊಂದೇ ಹೀಗೆ, ಮನುಷ್ಯನ ಮೈಯಲ್ಲಿ ಹಾಲು ಎಲ್ಲಿಂದ ಬಂತು ಶಿವನೇ ಅಂದುಕೊಂಡಳು. ಎಲ್ಲಿಂದ ಬಂತು ಅಂತ ಅವಳಿಗೆ ಗೊತ್ತಿತ್ತು, ಹೋಟೆಲಿಗೆ ಬಂದು ಗಂಡನ ಎದುರು ಕೂತು ಇಡ್ಲಿಗೆ ಚಟ್ನಿ ಹಾಕಿಸಿಕೊಂಡಳು.

ಗೊತ್ತಿಲ್ಲದೆ ಏನು, ಎರಡು ವರ್ಷದಿಂದ ಅವಳೇ ಬಡಿಸಿದ್ದು. ಅವನಿಗೆ ಶುಗರ್ ಅಂತ ಆದಾಗ ಮೀಟರು ತಂದರು, ಉಂಡ ಮೇಲೆ ಎರಡು ಗಂಟೆ ಬಿಟ್ಟು ನೋಡಿ ಅಂತ ಡಾಕ್ಟ್ರು ಅಂದಿದ್ದರು, ಶ್ರದ್ಧೆಯಿಂದ ನೋಡಿದಳು, ಬರೀ ಕಡುಬು ಚಟ್ನಿ ತಿಂದ ದಿನ ಮೀಟರು ಎಗರಿ ಬೀಳುತ್ತಿತ್ತು, ಅಕ್ಕಿರೊಟ್ಟಿಗೂ ಅದೇ ಹಾಡು, ಆಮೇಲೊಂದು ಭಾನುವಾರ ಅದೇ ಕಡುಬನ್ನು ಹಂದಿ ಬಾಡಿನ ಜೊತೆ, ನೆಣ ತೇಲುವ ಎಸರಿನಲ್ಲಿ ಅದ್ದಿ ಅದ್ದಿ ತಿಂದ, ಇನ್ನೇನು ಗ್ರಹಚಾರ ಕಾದಿದೆ ಅಂತ ಚುಚ್ಚಿದರೆ ನಂಬರು ತೆಪ್ಪಗಿದೆ! ಅಲ್ಲಿಂದ ಶುರು, ಅಡುಗೆಮನೆಯೇ ಅವಳ ಲ್ಯಾಬು, ಒಂದು ವಾರ ಅನ್ನಕ್ಕೆ ತುಪ್ಪ ಸುರಿದಳು, ಇಳಿಯಿತು, ಒಂದು ವಾರ ಕೊಬ್ಬರಿ ಎಣ್ಣೆ, ಒಂಚೂರು ಇಳಿಯಿತು, ಪಾಮಾಯಿಲು, ಅದೂ ಅಷ್ಟಕ್ಕಷ್ಟೇ, ತುಪ್ಪ ಮತ್ತು ನೆಣದ ಮುಂದೆ ಯಾವುದೂ ಇಲ್ಲ, ಕಣ್ಣಾರೆ ಕಂಡದ್ದು, ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಅತ್ತೆ ಹಿಗ್ಗಿಹೋದರು, ನಮ್ಮ ಕಾಲದಾಗೆ ನೆಣ ತಿಂದೇ ಗಟ್ಟಿ ಇದ್ದಿದ್ದು ಕಣೆ, ಈ ಡಾಕ್ಟ್ರುಗಳು ಬಂದು ಕೆಡಿಸಿದ್ರು. ಮೈದುನ ಧರ್ಮ ಆಲೂರಿನಿಂದ ಬಂದಾಗಲೆಲ್ಲ ಡಾಕ್ಟ್ರತ್ತಿಗೆ, ನಂಗೂ ಒಂದು ಔಷಧಿ ಬರೀರಿ ಅನ್ನುತ್ತಿದ್ದ, ಪಕ್ಕದ ತೋಟದ ಕೆಂಚಮ್ಮ ಫೋನು ಮಾಡಿ ತುಪ್ಪ ಎಷ್ಟು ಸ್ಪೂನ್ ಹಾಕ್ಬೇಕು ಗಂಗಾ ಅಂತ ಕೇಳುತ್ತಿದ್ದಳು, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳನ್ನು ಯಾರಾದರೂ ಒಂದು ಮಾತು ಕೇಳಿದರೆ ಎಷ್ಟು ಹಿತ, ಹೇಳಿದಳು, ಧಾರಾಳವಾಗಿ ಹೇಳಿದಳು, ಕೆಂಚಮ್ಮನ ರಕ್ತ ಈಗ ಹೇಗಿದೆಯೋ. ದೇವೇಂದ್ರ ಮಾತ್ರ ಏನೂ ಕೇಳುತ್ತಿರಲಿಲ್ಲ, ತಟ್ಟೆಯಲ್ಲಿ ಏನಿದೆ ಅಂತಲೂ ನೋಡುತ್ತಿರಲಿಲ್ಲ, ನೀನು ಹಾಕಿದ್ದು ತಿಂತೀನಿ ಕಣೆ, ನಂಗೇನ್ ಗೊತ್ತಾಯ್ತದೆ, ಅನ್ನುತ್ತಿದ್ದ.

ಒಂದೇ ಒಂದು ಸಲ ಅನುಮಾನ ಬಂದಿತ್ತು, ಬಂದಿತ್ತು ಅಂತ ಈಗ ಒಪ್ಪಿಕೊಳ್ಳೋಣ, ಯಾರೂ ಕೇಳುತ್ತಿಲ್ಲವಲ್ಲ. ಮಧ್ಯಾಹ್ನ ಬಾಡೂಟ ಉಂಡು ತೋಟಕ್ಕೆ ಹೋದವನು ಹೊತ್ತು ಮುಳುಗುವಾಗ ಯಾಕೋ ಬಾಯಿ ಒಣಗ್ತೈತೆ ಅಂತ ಬಂದ, ಸುಮ್ಮನೆ ಚುಚ್ಚಿದಳು, ಮುನ್ನೂರರ ಮೇಲೆ! ಸ್ಟ್ರಿಪ್ಪು ಹಳೇದು ಅಂದುಕೊಂಡಳು, ಡಬ್ಬಿಯ ಬಾಯಿ ತೆರೆದಿಟ್ಟು ಥಂಡಿ ಹಿಡಿದಿದೆ ಅಂದುಕೊಂಡಳು, ಸ್ಟ್ರಿಪ್ಪನ್ನು ಒಲೆಗೆ ಹಾಕಿದಳು, ಎಷ್ಟು ಬಂತೇ ಅಂದ, ಸರಿಯಾಗೇ ಐತೆ ನೀರು ಕುಡೀರಿ ಅಂದಳು. ಅವತ್ತಿನಿಂದ ಉಂಡ ಎರಡು ಗಂಟೆಯ ಹೊತ್ತೊಂದು ಬಿಟ್ಟು ಬೇರೆ ಹೊತ್ತಿನಲ್ಲಿ ಮೀಟರನ್ನು ಮುಟ್ಟಲಿಲ್ಲ. ಇವತ್ತು ಫೋನಿನಲ್ಲೇ ಡಾಕ್ಟ್ರಮ್ಮನನ್ನು ಕೇಳಿದಳು, ಕೇಳದೆ ಇರಲಾಗಲಿಲ್ಲ, ಮೇಡಂ, ತುಪ್ಪ ಹಾಕಿದ್ರೆ ಮೀಟ್ರಲ್ಲಿ ಕಡಿಮೆ ಬರ್ತೈತಲ್ಲ? ಯಾರು ಹೇಳಿದ್ರಮ್ಮ ಹಾಗಂತ, ಜಿಡ್ಡು ಜಾಸ್ತಿ ಇದ್ರೆ ಅನ್ನ ಹೊಟ್ಟೆಯಿಂದ ಬೇಗ ಕೆಳಗಿಳಿಯಲ್ಲ, ಸಕ್ಕರೆ ತಡವಾಗಿ ಏರುತ್ತೆ, ನೀವು ನೋಡೋ ಹೊತ್ತಿಗೆ ಅದಿನ್ನೂ ಬಂದಿರಲ್ಲ ಅಷ್ಟೇ, ನೀವು ಮೀಟರು ಎತ್ತಿಟ್ಟ ಮೇಲೆ ಬರುತ್ತೆ, ಬಂದು ಗಂಟೆಗಟ್ಟಲೆ ಇರುತ್ತೆ, ಮತ್ತೆ ಆ ಮೀಟರಿಗೆ ಕೊಬ್ಬು ಕಾಣಲ್ಲ. ಹಂಗಾದ್ರೆ ಯಾವ ಎಣ್ಣೆ ಹಾಕ್ಲಿ ಮೇಡಂ, ಕೊಬ್ಬರಿ ಎಣ್ಣೆ ಆಯ್ತದಾ? ಒಂದೊಂದು ಕೊಬ್ಬು ಒಂದೊಂದು ಥರ ರಕ್ತಕ್ಕೆ ಸೇರುತ್ತೆ ನಿಜ, ಒಂದು ಬೇಗ ಹೋಗುತ್ತೆ ಒಂದು ನಿಧಾನ, ನಿಮ್ಮೋರಿಗೆ ಈಗ ಯಾವುದೂ ಬೇಡ, ಅವರ ರಕ್ತದಲ್ಲಿ ಮೊದಲು ಬಂದದ್ದೇ ಕರಗಿಲ್ಲ. ಯಾರು ಹೇಳಿದ್ರಮ್ಮ ಅಂತ ಮತ್ತೆ ಕೇಳಿದರು, ನೆಟ್ವರ್ಕು ಹೋಯ್ತು ಅನ್ನುವ ಹಾಗೆ ಹಲೋ ಹಲೋ ಅಂದು ಕಟ್ ಮಾಡಿದಳು. ಮಾಡಿದ್ದುಣ್ಣೋ ಮಹರಾಯ ಅಂತಾರೆ, ಮಾಡಿದವಳು ಇವಳು, ಉಂಡವನು ಅವನು.

ಬಾರೇ ಬೇಗ, ಹಿರೇರು ಬಾಗ್ಲಲ್ಲಿ ನಿಂತವ್ರೆ, ಅತ್ತೆಯ ಕೂಗು. ಹಬೆಯಾಡುವ ಕಡುಬು, ಬಾಡು, ಚರ್ಮದ ಜೊತೆಗೇ ಇರುವ ಅಂಗೈಯಗಲದ ನೆಣದ ತುಂಡು, ಅದು ಮಾವ ಅಣ್ಣಯ್ಯನವರ ಪ್ರೀತಿಯದು, ಒಂದು ಲೋಟ ಬ್ರಾಂದಿ, ಬೀಡಿ ಕಟ್ಟು, ಎಲ್ಲ ಬಾಳೆಯೆಲೆಗೆ ಬಂತು, ದೀಪ ಹಚ್ಚಿ ಬಾಗಿಲು ಮುಂದೆ ಮಾಡಿ, ಎಡೆಗೆಂದು ಬಂದಿದ್ದ ಧರ್ಮ, ಅವನ ಹೆಂಡತಿ, ಎಲ್ಲರೂ ಜಗಲಿಗೆ ಬಂದು ನಿಂತರು, ಒಳಗೆ ಹಿರಿಯರು ಉಣ್ಣುವ ಹೊತ್ತು, ಯಾರೂ ಮಾತಾಡಬಾರದು. ಮಾತಾಡಬಾರದು ಅಂತ ಇರುವುದು ಎಷ್ಟು ಒಳ್ಳೆಯದು, ಇದೊಂದು ಗಳಿಗೆ ಹೇಳದಿದ್ದರೂ ತಪ್ಪಿಲ್ಲ, ದೇವೇಂದ್ರ ಬಿಳಿ ಪಂಚೆ ಉಟ್ಟು ಕೈಕಟ್ಟಿ ನಿಂತಿದ್ದಾನೆ, ಕೂದಲಿನಿಂದ ಇನ್ನೂ ನೀರು ಇಳಿಯುತ್ತಿದೆ, ಚೆಂದ ಕಾಣುತ್ತಾನೆ, ದೃಷ್ಟಿಯಾಗುವಷ್ಟು, ಹೇಳು, ಈಗಲೇ ಹೇಳು, ಬಾಗಿಲು ತೆಗೆದ ಮೇಲೆ ಎಡೆಯ ಅನ್ನ ಮೊದಲು ಉಣ್ಣಬೇಕಾದವನು ಹಿರೀಮಗ, ಎಲೆಯಲ್ಲಿ ಒಂದಗುಳು ಬಿಡುವ ಹಾಗಿಲ್ಲ, ಬಿಟ್ಟರೆ ಹಿರಿಯರು ಹಸಿದು ಹೋದ ಹಾಗೆ, ಈ ಮನೆಯ ನಡೆ ಅದು, ಅವನು ಬಿಡುವವನೂ ಅಲ್ಲ. ಮಾವ ಹೋದದ್ದು ಹೇಗೆ? ಮೂಳೆ ಮುರಿಯುವ ಹಾಗೆ ದುಡಿಯುತ್ತಿದ್ದ ಮನುಷ್ಯ, ಯಾರದೋ ಮನೆಯ ಬಾಡೂಟ ಉಂಡು ಬಂದು ಗ್ಯಾಸ್ಟ್ರಿಕ್ಕು ಕಣ್ರೋ ಅಂತ ಮಲಗಿದರು, ಸೋಡಾ ಕುಡಿಸಿದರು, ಇಂಗು ಕುಡಿಸಿದರು, ಹಾಸನ ಮುಟ್ಟಲಿಲ್ಲ. ಇವಳು ಆಗ ಹೊಸ ಸೊಸೆ, ಗ್ಯಾಸ್ಟ್ರಿಕ್ಕಿಗೆ ಜನ ಸಾಯುತ್ತಾರಾ ಅಂತ ಕೇಳಿ ಬೈಸಿಕೊಂಡಿದ್ದಳು, ಅವರ ರಕ್ತವನ್ನು ಯಾರು ನೋಡಿದರು, ಯಾವ ಕೊಳವೆಗೆ ಹಾಕಿ ಬೆಳಕಿಗೆ ಹಿಡಿದರು, ಕೆಳಗೆ ಕೆಂಪು ಮೇಲೆ ಬಿಳುಪು, ಅಪ್ಪನದು ಮಗನಿಗೆ ಬಂದಿದ್ದರೆ, ಅಯ್ಯೋ, ಅವರನ್ನು ಕೊಂದದ್ದನ್ನೇ ವರ್ಷಾ ವರ್ಷಾ ಅವರ ಎಲೆಗೆ ಬಡಿಸುತ್ತಿದ್ದೇವಾ, ಮಾವ, ನೀವಾದರೂ ಒಳಗೆ ಎಲೆ ಖಾಲಿ ಮಾಡಿಬಿಡಿ, ಒಂದು ಸಲಕ್ಕೆ, ನಿಮ್ಮ ಕಾಲಿಗೆ ಬೀಳ್ತೀನಿ, ಪೂರ್ತಿ ತಿಂದುಬಿಡಿ. ಅತ್ತೆ ಮೂರು ಸಲ ಕೆಮ್ಮಿ ಬಾಗಿಲು ತಳ್ಳಿದರು. ಎಲೆಯಲ್ಲಿ ಇಟ್ಟದ್ದು ಇಟ್ಟ ಹಾಗೇ ಇತ್ತು.

ಹೇಳಿದಳು, ಇಲ್ಲ ಅನ್ನಬೇಡಿ, ಹೇಳಿದಳು. ಅವನು ಎಲೆಯ ಮುಂದೆ ಕೂತು ಮೊದಲ ತುತ್ತು ಕಟ್ಟುವಾಗ ಕೈ ಹಿಡಿದುಕೊಂಡಳು, ರೀ, ಬ್ಯಾಡ, ಡಾಕ್ಟ್ರಮ್ಮ ಫೋನ್ ಮಾಡಿದ್ರು, ನಿಮ್ಮ ರಕ್ತದಲ್ಲಿ ಕೊಬ್ಬು ತುಂಬೈತಂತೆ, ಜಿಡ್ಡು ತಿಂದ್ರೆ ಜೀವಕ್ಕೆ ಬತ್ತದಂತೆ, ಬ್ಯಾಡಿ ರೀ. ಎಡೆ ಮುಂದೆ ಸಾವಿನ ಮಾತಾಡ್ತೀಯೇನೇ ಅಂತ ಅತ್ತೆ ಎದ್ದು ನಿಂತರು, ಕೈ ತೆಗಿ, ಎಲೆ ಮುಟ್ಟಬ್ಯಾಡ. ದೇವೇಂದ್ರ ನಕ್ಕ, ಬೈದಿದ್ದರೆ ಚೆನ್ನಾಗಿತ್ತು, ನಕ್ಕ, ಏನ್ ಮಾರಾಯ್ತಿ, ಎರಡು ವರ್ಷದಿಂದ ನೆಣ ಹಾಕಿದ್ರೆ ಮೀಟ್ರು ಇಳೀತದೆ ಅಂತ ಊರಿಗೆಲ್ಲ ಹೇಳಿದೋಳು ನೀನೇ, ಈಗ ಬ್ಯಾಡ ಅನ್ನೋಳೂ ನೀನೇ, ಯಾವ್ದು ನಂಬಲಿ? ನಾನು ಹೇಳಿದ್ದು ತಪ್ಪು ಕಣ್ರೀ, ಅಂದಳು, ಅಂದಳಾ? ಅಂದಳು, ಆದರೆ ಎಷ್ಟು ಸಣ್ಣ ದನಿಯಲ್ಲಿ, ಧರ್ಮನ ಹೆಂಡತಿಗೆ ಕೇಳದ ಹಾಗೆ, ಅತ್ತೆಗೆ ಕೇಳದ ಹಾಗೆ, ಗಂಡನಿಗಾದರೂ ಕೇಳಿತಾ. ನಾಳೆ ಹೋಗಾನ ಡಾಕ್ಟ್ರತ್ರ, ಇವತ್ತು ಅಪ್ಪನ ಎಡೆ, ಒಂದಿನಕ್ಕೆ ಏನೂ ಆಗಲ್ಲ, ಬೇಕಾದ್ರೆ ಉಂಡು ಎರಡು ಗಂಟೆಗೆ ಚುಚ್ಚಿ ನೋಡು, ಜಾಸ್ತಿ ಬಂದ್ರೆ ನೀನು ಹೇಳ್ದಂಗೆ ಕೇಳ್ತೀನಿ, ಸರಿನಾ? ಮೀಟ್ರಿಗೆ ಅದು ಕಾಣಲ್ಲ ರೀ! ಮತ್ತೆ ಇಷ್ಟು ದಿನ ಏನ್ ಕಂಡಿದ್ದು ಅತ್ತಿಗೆ ಅಂದ ಧರ್ಮ, ಎಲ್ಲರೂ ನಕ್ಕರು. ಎಲೆಯನ್ನೇ ಎಳೆದು ಅಂಗಳಕ್ಕೆ ಎಸೆಯಬಹುದಿತ್ತು, ನಾಯಿ ತಿನ್ನುತ್ತಿತ್ತು, ಎಡೆ ಎಸೆದ ಸೊಸೆ ಅಂತ ಸಾಯುವ ತನಕ ಆಡಿಕೊಳ್ಳುತ್ತಿದ್ದರು, ಆಡಿಕೊಳ್ಳಲಿ, ಗಂಡ ಇರುತ್ತಿದ್ದ, ಕೈ ಮುಂದೆ ಹೋಯಿತು ಕೂಡ, ಎಲೆಯ ಅಂಚಿನ ತನಕ ಹೋಯಿತು, ಅಲ್ಲಿ ನಿಂತಿತು. ಅವನು ನೆಣದ ತುಂಡನ್ನು ಎರಡು ಮಾಡಿ, ಒಂದನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ಉಪ್ಪು ಹದವಾಗೈತೆ ಕಣೆ ಅಂದ.

ಎರಡು ಗಂಟೆ ಅನ್ನುವುದು ಇಷ್ಟು ಉದ್ದ ಅಂತ ಯಾರಿಗೆ ಗೊತ್ತಿತ್ತು, ಪಾತ್ರೆ ತೊಳೆದಳು, ಕೆಂಚಮ್ಮನಿಗೆ ಫೋನು ಮಾಡಿ ತುಪ್ಪ ಬಿಡು ಅಂತ ಹೇಳಲು ಹೊರಟಳು, ನಂಬರು ಒತ್ತದೆ ಇಟ್ಟಳು, ಕದ್ದು ಕದ್ದು ಗಂಡನನ್ನು ನೋಡಿದಳು, ಧರ್ಮನ ಜೊತೆ ಮೆಣಸಿನ ರೇಟು ಮಾತಾಡುತ್ತಿದ್ದಾನೆ, ನಗುತ್ತಿದ್ದಾನೆ, ಡಾಕ್ಟರುಗಳು ಹೆದರಿಸುವುದೇ ಅಷ್ಟು, ಅವರ ಹೊಟ್ಟೆಪಾಡು, ನಾಳೆ ಹೋಗಿ ಮಾತ್ರೆ ತಂದರೆ ಆಯಿತು, ಇನ್ನು ಮೇಲೆ ಸೊಪ್ಪು, ಹುರುಳಿ, ಬೇಯಿಸಿದ್ದು, ದೇವರೇ, ಇವತ್ತೊಂದು ದಿನ ದಾಟಿಸು. ತರ್ರೀ ಅತ್ತಿಗೆ ಮೀಟ್ರು, ಡಾಕ್ಟ್ರಮ್ಮ ಗೆಲ್ತಾರೋ ಡಾಕ್ಟ್ರತ್ತಿಗೆ ಗೆಲ್ತಾರೋ ನೋಡೇ ಬುಡಾನ. ತಂದಳು. ದೇವೇಂದ್ರ ನಡುಬೆರಳು ಚಾಚಿದ, ಒತ್ತಿದಳು, ಟಿಕ್ ಅಂತು, ಹನಿ ಬಂತು, ಸ್ಟ್ರಿಪ್ಪಿಗೆ ತಾಗಿಸಿ ಕಣ್ಣು ಮೀಟರಿಗೇ ನೆಟ್ಟಳು, ನೂರಾ ಮೂವತ್ತೊಂದು. ನೂರಾ ಮೂವತ್ತೊಂದು! ಧರ್ಮ ಚಪ್ಪಾಳೆ ಹೊಡೆದ, ಅತ್ತೆ ಹಿರೇರು ಕೈಬಿಡ್ತಾರೇನೇ ಅಂದರು, ಇವಳ ಎದೆ ಹಿಗ್ಗಿತು, ದೇವರಾಣೆಗೂ ಹಿಗ್ಗಿತು, ಒಂದು ಉಸಿರಿನಷ್ಟು ಹೊತ್ತು ಇವಳು ಗೆದ್ದಿದ್ದಳು, ನಾನು ಹೇಳಲಿಲ್ವಾ ಅಂತ ನಾಲಿಗೆ ತುದಿಗೆ ಬಂದಿತ್ತು, ನೋಡಿದ್ಯಾ, ಸುಮ್ಸುಮ್ನೆ ಹೆದರ್ಕೊಂಡೆ, ತಾ ಇನ್ನೆರಡು ತುಂಡು ಅಂದ ದೇವೇಂದ್ರ, ಗೋಡೆಗೆ ಒರಗಲು ಹೋದ, ಒರಗಲಿಲ್ಲ, ಮುಂದಕ್ಕೆ ಬಾಗಿ ಕೂತ, ಬ್ಯಾಡ ಬಿಡು ತುಂಡು, ಆಮ್ಯಾಲೆ ತಿಂತೀನಿ, ಬೆನ್ನಿಗೊಂದು ದಿಂಬು ಕೊಡೇ ಅಂದ, ಮೆಲ್ಲಗೆ, ಯಾರಿಗೂ ತೊಂದರೆಯಾಗದ ಹಾಗೆ. ದಿಂಬು ಯಾಕ್ರೀ? ಏನಿಲ್ಲ, ಗ್ಯಾಸು. ಅವನ ಬೆರಳು ಇನ್ನೂ ಇವಳ ಕೈಯಲ್ಲೇ ಇದೆ, ಹತ್ತಿ ಒತ್ತಬೇಕು, ಒತ್ತಿಲ್ಲ, ಧರ್ಮ, ಕಾರು ತೆಗಿ, ಅಂದಳಾ, ಬಾಯಿ ಆಡಿತು, ದನಿ ಬಂತೋ ಇಲ್ಲವೋ, ಧರ್ಮ ಇನ್ನೂ ನಗುತ್ತಿದ್ದಾನೆ, ಧರ್ಮ, ಕಾರು — ದಿಂಬು ಕೊಡೇ ಗಂಗಾ — ಬೆರಳ ತುದಿಯಲ್ಲಿ ಇನ್ನೊಂದು ಹನಿ ಉಬ್ಬಿ ಬರುತ್ತಿದೆ, ಎರಡು ವರ್ಷ ದಿನಾ ನೋಡಿದ ಹನಿ, ನಂಬರಿನ ಗಡಿಬಿಡಿಯಲ್ಲಿ ಒಂದು ದಿನವೂ ನೋಡದ ಹನಿ, ಕೆಂಪಾಗಿರಬೇಕು, ಕೆಂಪಲ್ಲ, ಹಾಲು ಬೆರೆಸಿದ ಹಾಗೆ, ಒರೆಸಿದಳು, ಮತ್ತೆ ಬಂತು, ಬಿಳುಪು, ಮತ್ತೆ, ಕೆಂಪಿನೊಳಗಿಂದ ಬಿಳುಪು